‘ನಿನಗೇನು ಕಮ್ಮಿಯಾಗಿದೆ?’

ಖಿನ್ನತೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇದಕ್ಕೆ ಕಾರಣವೇನು? ಮಗನಿಗೆ ಒಳ್ಳೆಯ ಕೆಲಸವಿದೆ, ಸಾಲವಿಲ್ಲ, ಮನೆಯಲ್ಲಿ ಜಗಳವಿಲ್ಲ. ಆದರೂ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಯಾರೊಂದಿಗೂ ಮಾತಿಲ್ಲ. ‘ನಿನಗೇನು ಕಮ್ಮಿಯಾಗಿದೆ?’ ಎಂದು ಮನೆಯವರು ಕೇಳುತ್ತಾರೆ. ಅವನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಮೇಲೆ ಕಾಯಿಲೆಯೂ ಇಲ್ಲ, ಬರೀ ಸೋಮಾರಿತನ ಎಂದು ತೀರ್ಮಾನವಾಗುತ್ತದೆ. ಇನ್ನೊಂದು ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ವರ್ಷ ಕಳೆದರೂ ಸರಿಯಾಗಿ ಉಣ್ಣುತ್ತಿಲ್ಲ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ತಾನು ಇದ್ದು ಏನು ಪ್ರಯೋಜನ ಎನ್ನುತ್ತಾಳೆ. ಅಲ್ಲಿ ಕಾರಣ ಎಲ್ಲರಿಗೂ ಗೊತ್ತು. ‘ಅಷ್ಟೆಲ್ಲ ಆದ ಮೇಲೆ ಯಾರಿಗೆ ತಾನೇ ಬೇಜಾರಾಗಲ್ಲ’ ಎಂದು ನೆಂಟರು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾರೆ. ಕಾರಣ ಸಿಗದಿದ್ದರೆ ಅದು ಕಾಯಿಲೆಯಲ್ಲ, ಕಾರಣ ಸಿಕ್ಕರೂ ಕಾಯಿಲೆಯಲ್ಲ. ಹೀಗೆ ಎರಡು ಕಡೆಯಿಂದಲೂ ದಾರಿ ಮುಚ್ಚಿಹೋಗುತ್ತದೆ. ಚಿಕಿತ್ಸೆ ತಡವಾಗುವುದಕ್ಕೆ ನಾಚಿಕೆ, ಬಡತನ, ವೈದ್ಯರ ಕೊರತೆ ಎಲ್ಲವೂ ಕಾರಣಗಳೇ. ಆದರೆ ಅವೆಲ್ಲಕ್ಕಿಂತ ಮೊದಲು, ಮನೆಯ ಹೊಸ್ತಿಲಲ್ಲೇ ಅಡ್ಡ ನಿಲ್ಲುವುದು ‘ಯಾಕೆ ಹೀಗಾಯಿತು’ ಎಂಬುದು ಇತ್ಯರ್ಥವಾಗುವ ತನಕ ಏನೂ ಮಾಡದಿರುವ ನಮ್ಮ ಅಭ್ಯಾಸ ಎಂಬುದು ನನ್ನ ವಾದ.

ವೈದ್ಯರು ಖಿನ್ನತೆಯನ್ನು ಗುರುತಿಸುವ ಕ್ರಮವನ್ನೇ ನೋಡಿ. ಅಲ್ಲಿ ಮೊದಲು ನೋಡುವುದು ಲಕ್ಷಣಗಳನ್ನು, ಅವು ಎಷ್ಟು ದಿನದಿಂದ ಇವೆ ಎಂಬುದನ್ನು, ಬದುಕನ್ನು ಎಷ್ಟು ಕೆಡಿಸಿವೆ ಎಂಬುದನ್ನು. ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಮನಸ್ಸು ಕುಗ್ಗಿರಬೇಕು. ಇಲ್ಲವೇ ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿರಬೇಕು. ಅದರ ಜೊತೆಗೆ ನಿದ್ದೆ ಕೆಡುವುದು, ಹಸಿವು ಹೋಗುವುದು ಅಥವಾ ಅತಿಯಾಗುವುದು, ಏನೂ ಮಾಡದೆಯೂ ಸುಸ್ತು, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣ ತೀರ್ಮಾನವೂ ಬೆಟ್ಟದಷ್ಟಾಗುವುದು, ಎಲ್ಲ ತಪ್ಪೂ ತನ್ನದೇ ಅನ್ನಿಸುವುದು, ಸಾವಿನ ಯೋಚನೆ ಮತ್ತೆಮತ್ತೆ ಬರುವುದು, ಇವುಗಳಲ್ಲಿ ಹಲವು ಇರಬೇಕು. ಅಳು ಇರಲೇಬೇಕೆಂದಿಲ್ಲ. ಅಳುವುದಕ್ಕೂ ಆಗುತ್ತಿಲ್ಲ, ಏನೂ ಅನ್ನಿಸುವುದೇ ಇಲ್ಲ ಎನ್ನುವ ರೋಗಿಗಳಿದ್ದಾರೆ. ಗಂಡಸರಲ್ಲಿ ಅದು ಸಿಡುಕಾಗಿ, ಕುಡಿತವಾಗಿ ಕಾಣಿಸಿಕೊಳ್ಳಬಹುದು. ವಯಸ್ಸಾದವರಲ್ಲಿ ಮರೆವಿನ ಹಾಗೆ ಕಾಣಬಹುದು. ಬಾಣಂತಿಯಲ್ಲಿ ಮಗುವಿನ ಮೇಲೆ ಅಕ್ಕರೆಯೇ ಬರುತ್ತಿಲ್ಲ ಎಂಬ ಭಯವಾಗಿ ಬರಬಹುದು. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ ಕೂಡ ಇಂಥದೇ ಚಿತ್ರವನ್ನು ಕೊಡಬಲ್ಲವಾದ್ದರಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಡುವುದುಂಟು. ಈ ಅರ್ಥದಲ್ಲಿ ಅವರೂ ಕಾರಣ ಹುಡುಕುತ್ತಾರೆ. ಆದರೆ ಆ ಹುಡುಕಾಟ ಚಿಕಿತ್ಸೆಯನ್ನು ತೀರ್ಮಾನಿಸುವುದಕ್ಕೆ. ಮನೆಯಲ್ಲಿ ನಡೆಯುವ ಹುಡುಕಾಟ ಚಿಕಿತ್ಸೆ ಬೇಡವೆನ್ನುವುದಕ್ಕೆ.

ಇದು ಎಷ್ಟು ಜನರ ಮಾತು? ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 28 ಕೋಟಿ ಮಂದಿಗೆ ಖಿನ್ನತೆಯಿತ್ತು; ವಯಸ್ಕರಲ್ಲಿ ನೂರಕ್ಕೆ ಸುಮಾರು ಐವರು, ಗಂಡಸರಿಗಿಂತ ಹೆಂಗಸರಲ್ಲಿ ಒಂದೂವರೆ ಪಟ್ಟು. ನಮ್ಮ ದೇಶದ ಲೆಕ್ಕ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಿದೆ. ಸಮೀಕ್ಷೆಯಲ್ಲಿ ಮಾತಾಡಿಸಿದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಈಗಲೋ ಹಿಂದೆಂದೋ ಖಿನ್ನತೆ ಅನುಭವಿಸಿದವರು. ಹಾಗೆಂದರೆ ಒಂದು ಕೆಎಸ್ಸಾರ್ಟಿಸಿ ಬಸ್ಸು ತುಂಬಿದ್ದರೆ ಅದರಲ್ಲಿ ಇಬ್ಬರೋ ಮೂವರೋ. ಆ ಸಂಖ್ಯೆಗಿಂತ ನನ್ನನ್ನು ಕಾಡುವುದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ಖಿನ್ನತೆಯಿದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಕ್ಕರೆ ಕಾಯಿಲೆಯಲ್ಲೋ ರಕ್ತದೊತ್ತಡದಲ್ಲೋ ಇಂಥ ಅಂಕಿ ಬಂದಿದ್ದರೆ ವಿಧಾನಸಭೆಯಲ್ಲಿ ಚರ್ಚೆಯಾಗುತ್ತಿತ್ತು.

ಕಾರಣದ ಪ್ರಶ್ನೆಗೆ ಸಂಶೋಧನೆ ಕೊಟ್ಟಿರುವ ಉತ್ತರ ಮನೆಯವರು ಬಯಸುವಷ್ಟು ನೇರವಾಗಿಲ್ಲ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಇಬ್ಬರು ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಹೆಂಗಸರನ್ನು ಮಾತಾಡಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಮುಖ್ಯ. ಖಿನ್ನತೆಗೆ ಬಿದ್ದವರಲ್ಲಿ ಹೆಚ್ಚಿನವರ ಬದುಕಿನಲ್ಲಿ ಸ್ವಲ್ಪ ಮೊದಲು ದೊಡ್ಡ ಪೆಟ್ಟೊಂದು ಬಿದ್ದಿತ್ತು, ಇಲ್ಲವೇ ದೀರ್ಘಕಾಲದ ಕಷ್ಟವಿತ್ತು. ಆದರೆ ಅಂಥದೇ ಪೆಟ್ಟು ತಿಂದವರಲ್ಲಿ ಬಹುಪಾಲು ಮಂದಿ ಖಿನ್ನತೆಗೆ ಬಿದ್ದಿರಲಿಲ್ಲ. ವ್ಯತ್ಯಾಸ ಎಲ್ಲಿತ್ತು? ಮನಸ್ಸು ಬಿಚ್ಚಿ ಮಾತಾಡಲು ಗಂಡನೋ ಆಪ್ತರೋ ಇಲ್ಲದಿರುವುದು, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿರುವುದು, ಮನೆ ತುಂಬ ಸಣ್ಣ ಮಕ್ಕಳು, ಹೊರಗೆ ದುಡಿಮೆ ಇಲ್ಲದಿರುವುದು ಇಂಥವು ಅಪಾಯವನ್ನು ಹೆಚ್ಚಿಸುತ್ತಿದ್ದವು. ಇದಕ್ಕೆ ಅನುವಂಶೀಯತೆಯನ್ನೂ ಸೇರಿಸಿ: ಅವಳಿಗಳ ಅಧ್ಯಯನಗಳು ಖಿನ್ನತೆಯ ಅಪಾಯದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ವಂಶವಾಹಿಗಳ ಲೆಕ್ಕಕ್ಕೆ ಹಾಕುತ್ತವೆ. ಅಮೆರಿಕದ ಕೆನೆತ್ ಕೆಂಡ್ಲರ್ ಅವಳಿ ಸೋದರಿಯರನ್ನು ವರ್ಷಗಟ್ಟಲೆ ಗಮನಿಸಿ ಇನ್ನೊಂದು ಸಂಗತಿ ಕಂಡುಕೊಂಡರು. ಮೊದಲ ಸಲದ ಖಿನ್ನತೆಗೆ ಹೊರಗಿನ ಘಟನೆಯೊಂದು ಕಾರಣವಾಗಿರುವ ಸಾಧ್ಯತೆ ಹೆಚ್ಚು; ಅದು ಮರುಕಳಿಸುತ್ತ ಹೋದಂತೆ ಅಷ್ಟು ದೊಡ್ಡ ನೆಪ ಬೇಕಾಗುವುದಿಲ್ಲ. ಒಮ್ಮೆ ಖಿನ್ನತೆಗೆ ಬಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮತ್ತೆ ಬರುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಿದರೆ, ‘ಈ ಸಲ ಏನೂ ಆಗಿಯೇ ಇಲ್ಲವಲ್ಲ’ ಎಂಬ ಮನೆಯವರ ಮಾತಿಗೆ ಆಧಾರ ಉಳಿಯುವುದಿಲ್ಲ. ಏನೂ ಆಗದೆಯೂ ಅದು ಬರಬಹುದು. ಏನು ಕಮ್ಮಿಯಾಗಿದೆ ಎಂಬ ಪ್ರಶ್ನೆಗೆ ರೋಗಿ ತಡವರಿಸುವುದು ಏನನ್ನೋ ಮುಚ್ಚಿಡುತ್ತಿರುವುದರಿಂದಲ್ಲ, ಹೇಳಲು ನಿಜವಾಗಿಯೂ ಏನೂ ಇಲ್ಲದ್ದರಿಂದ. ಮೊದಲೇ ಎಲ್ಲ ತಪ್ಪೂ ತನ್ನದೆಂದು ಕೊರಗುತ್ತಿರುವವರಿಗೆ ಆ ಪ್ರಶ್ನೆ ಇನ್ನೊಂದು ಆರೋಪವಾಗಿ ಕೇಳಿಸುತ್ತದೆ.

ಇದರ ಇನ್ನೊಂದು ಮಗ್ಗುಲು, ಅಂದರೆ ಕಾರಣ ಕಣ್ಣೆದುರೇ ಇರುವ ಖಿನ್ನತೆ, ನಮ್ಮ ನಡುವೆ ಇನ್ನೂ ಹೆಚ್ಚು. ಬೆಳೆ ಹೋಗಿದೆ, ಗಂಡ ಕುಡಿದು ಹೊಡೆಯುತ್ತಾನೆ, ಮಗ ತೀರಿಕೊಂಡಿದ್ದಾನೆ. ಇಲ್ಲಿ ವಿದ್ಯಾವಂತರೂ ಒಂದು ವಾದ ಮುಂದಿಡುತ್ತಾರೆ: ಕಷ್ಟ ಹೊರಗಿದೆ, ಮಾತ್ರೆ ಕೊಟ್ಟು ಏನು ಫಲ? ಕ್ಷಯರೋಗದ ವಿಷಯದಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ಕ್ಷಯ ಹರಡುವುದರಲ್ಲಿ ಗಾಳಿಯಾಡದ ಕೋಣೆಗೆ, ಅರೆಹೊಟ್ಟೆಗೆ, ಬಡತನಕ್ಕೆ ದೊಡ್ಡ ಪಾಲಿದೆ ಎಂಬುದು ಎಲ್ಲರಿಗೂ ಗೊತ್ತು. ಹಾಗೆಂದು ಬಡತನ ಹೋಗುವವರೆಗೆ ಕಾಯಿರಿ ಎಂದು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರವೂ ರೋಗಿಯನ್ನು ವಾಪಸು ಕಳಿಸುವುದಿಲ್ಲ.

ಹೊರಗಿನ ಕಷ್ಟ ಹಾಗೇ ಇದ್ದರೂ ಖಿನ್ನತೆಯನ್ನು ಗುಣಪಡಿಸಬಹುದೇ ಎಂಬುದಕ್ಕೆ ಒಳ್ಳೆಯ ಪುರಾವೆ ನಮ್ಮ ಕಾರವಾರದ ಗಡಿ ದಾಟಿದರೆ ಸಿಗುವ ಗೋವಾದಲ್ಲಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ‘ಸಂಗತ್’ ಸಂಸ್ಥೆಯ ಮೂಲಕ ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಸಿದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸಾಕಷ್ಟು ತೀವ್ರ ಖಿನ್ನತೆಯಿದ್ದ 495 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಆರೈಕೆಯ ಜೊತೆಗೆ ಆರರಿಂದ ಎಂಟು ಸಲ ಆಪ್ತ ಸಮಾಲೋಚನೆ ಕೊಟ್ಟರು. ಕೊಟ್ಟವರು ಮನೋವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಕೆಲವು ವಾರ ತರಬೇತಿ ಪಡೆದ ಸ್ಥಳೀಯರು. ಅವರು ಮಾಡಿದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಖಿನ್ನತೆಯಿಂದ ಮನುಷ್ಯ ಒಂದೊಂದಾಗಿ ಕೈಬಿಟ್ಟ ಕೆಲಸಗಳನ್ನು, ಭೇಟಿಗಳನ್ನು, ಸಂತೋಷಗಳನ್ನು ಪಟ್ಟಿ ಮಾಡಿ, ಮನಸ್ಸು ಬಂದಾಗ ಮಾಡೋಣವೆಂದು ಕಾಯದೆ, ದಿನಕ್ಕಿಷ್ಟು ಎಂದು ಮತ್ತೆ ಶುರುಮಾಡಿಸುವುದು. ಎದುರಿಗಿರುವ ತೊಂದರೆಗಳಲ್ಲಿ ಬಿಡಿಸಬಹುದಾದದ್ದನ್ನು ಜೊತೆಗೆ ಕೂತು ಬಿಡಿಸುವುದು. ಮೂರು ತಿಂಗಳಲ್ಲಿ ಆ ಗುಂಪಿನ ಶೇ 64 ಮಂದಿ ಖಿನ್ನತೆಯಿಂದ ಹೊರಬಂದರು; ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ 39. ಅವರ ಯಾರ ಬಡತನವೂ ಮೂರು ತಿಂಗಳಲ್ಲಿ ನೀಗಿರಲಾರದು. ಬದುಕು ಅದೇ ಇತ್ತು, ಅದನ್ನು ಎದುರಿಸುವ ಶಕ್ತಿ ಮರಳಿತ್ತು. ಮಾತಿನಲ್ಲಿ ಏನಿದೆ ಎನ್ನುವವರು, ಮನೋವೈದ್ಯರೇ ಇಲ್ಲದ ಊರಿನಲ್ಲಿ ಏನು ಮಾಡಲಾದೀತು ಎನ್ನುವವರು ಇಬ್ಬರೂ ಈ ಅಂಕಿಗಳನ್ನು ನೋಡಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ನಾನು ಗೌರವದಿಂದಲೇ ಉತ್ತರಿಸಬೇಕು. ರೈತನ ಸಾಲ, ಕೂಲಿಕಾರನ ಅನಿಶ್ಚಿತ ದುಡಿಮೆ, ಹೆಣ್ಣುಮಕ್ಕಳ ಮೇಲಿನ ಹಿಂಸೆ ಇವೆಲ್ಲ ಸಮಾಜದ ರೋಗಗಳು. ಅವನ್ನು ವ್ಯಕ್ತಿಯ ತಲೆಯೊಳಗಿನ ಕಾಯಿಲೆಯೆಂದು ಹೆಸರಿಟ್ಟರೆ ಸರ್ಕಾರಕ್ಕೂ ಸಮಾಜಕ್ಕೂ ಜಾರಿಕೊಳ್ಳಲು ಅನುಕೂಲವಾಗುವುದಿಲ್ಲವೇ ಎಂದು ಹೋರಾಟದಲ್ಲಿರುವ ಗೆಳೆಯರು ಕೇಳುತ್ತಾರೆ. ಆತಂಕ ನ್ಯಾಯವಾದದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನಾಲ್ಕರಲ್ಲಿ ಒಬ್ಬರು ದಿನಗೂಲಿಯವರು. ಇದನ್ನು ಬರಿಯ ವೈದ್ಯಕೀಯ ಸಮಸ್ಯೆ ಎನ್ನುವವರು ಕಣ್ಣು ಮುಚ್ಚಿಕೊಂಡಿದ್ದಾರೆ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಡುವ ಯೋಜನೆ ಬಂದ ಕಡೆಗಳಲ್ಲಿ ಆತ್ಮಹತ್ಯೆಗಳು ಸುಮಾರು ಶೇ 18ರಷ್ಟು ಇಳಿದವೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಖಿನ್ನತೆಯ ಚಿಕಿತ್ಸೆಯ ಪರವಾಗಿ ಮಾತಾಡುವ ನಾನು ಈ ಫಲಿತಾಂಶವನ್ನೂ ಅಷ್ಟೇ ಖುಷಿಯಿಂದ ಒಪ್ಪುತ್ತೇನೆ. ನನ್ನ ತಕರಾರು ಒಂದೇ: ಸಾಲಮನ್ನಾಕ್ಕೆ, ಬೆಂಬಲ ಬೆಲೆಗೆ ಹೋರಾಡುತ್ತಿರುವಾಗಲೇ ಆ ರೈತನಿಗೆ ಇವತ್ತು ರಾತ್ರಿ ನಿದ್ದೆ ಬೇಕು. ಹೊಡೆತ ತಿನ್ನುವ ಹೆಂಗಸಿಗೆ ಮನೆ ಬಿಟ್ಟು ಹೊರಡುವ, ಪೊಲೀಸರಿಗೆ ದೂರು ಕೊಡುವ ತೀರ್ಮಾನ ಮಾಡಬೇಕಾದರೂ ಖಿನ್ನತೆ ಕಿತ್ತುಕೊಂಡಿರುವ ಆ ತೀರ್ಮಾನಶಕ್ತಿಯೇ ಬೇಕು. ಚಿಕಿತ್ಸೆ ಹೋರಾಟವನ್ನು ತಣ್ಣಗಾಗಿಸುತ್ತದೆ ಎಂಬ ಭಯಕ್ಕಿಂತ, ಚಿಕಿತ್ಸೆಯಿಲ್ಲದೆ ಹೋರಾಡಬೇಕಾದವರೇ ಉಳಿಯದೆ ಹೋಗುತ್ತಾರೆ ಎಂಬ ಭಯ ನನಗೆ ದೊಡ್ಡದು.

ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ: ಈಗ ಎಲ್ಲ ದುಃಖಕ್ಕೂ ಖಿನ್ನತೆಯೆಂಬ ಹಣೆಪಟ್ಟಿ ಹಚ್ಚುತ್ತಿದ್ದಾರೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು, ಪ್ರೀತಿ ಮುರಿಯಿತು, ‘ಡಿಪ್ರೆಶನ್’ ಬಂತು. ಇದರಲ್ಲಿ ಸತ್ಯಾಂಶವಿದೆ. ದುಃಖ ಕಾಯಿಲೆಯಲ್ಲ, ಸಾವಿನ ಮನೆಯ ದುಃಖಕ್ಕೆ ಮಾತ್ರೆ ಬೇಕಿಲ್ಲ, ಜನ ಬೇಕು. ದುಃಖದಲ್ಲಿರುವವರಿಗೆ ಹೋದವರ ನೆನಪು ಅಲೆಅಲೆಯಾಗಿ ಬರುತ್ತದೆ, ನಡುವೆ ಮೊಮ್ಮಗುವಿನ ಆಟಕ್ಕೆ ನಗುವೂ ಬರುತ್ತದೆ. ಆ ನಗು ಪೂರ್ತಿ ನಿಂತು, ತಾನೇ ನಿಷ್ಪ್ರಯೋಜಕ ಎಂಬ ಭಾವ ಗಟ್ಟಿಯಾಗಿ, ಊಟ ನಿದ್ದೆ ಕೆಲಸ ಎಲ್ಲ ಕುಸಿದಿದ್ದರೆ ಮಾತು ಬೇರೆ. ಆಗ ‘ಗಂಡ ಸತ್ತಿದ್ದಾನಲ್ಲ, ಸಹಜ’ ಎಂದು ಬಿಟ್ಟುಬಿಡುವುದು ಕ್ರೌರ್ಯ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸುವಾಗ, ಇತ್ತೀಚೆಗೆ ಸಾವಾದ ಮನೆಯವರನ್ನು ಖಿನ್ನತೆಯ ಲೆಕ್ಕದಿಂದ ಹೊರಗಿಡುತ್ತಿದ್ದ ನಿಯಮವನ್ನು ಕೈಬಿಟ್ಟಿತು. ಅದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ನನಗೆ ಆ ಬದಲಾವಣೆ ಸರಿಯೆನಿಸುತ್ತದೆ. ಅತಿಯಾಗಿ ಹಣೆಪಟ್ಟಿ ಹಚ್ಚುವ ಅಪಾಯ ಇರಬಹುದು. ಆದರೆ ನೂರರಲ್ಲಿ ಎಂಬತ್ತೈದು ಮಂದಿ ಚಿಕಿತ್ಸೆಯ ಹತ್ತಿರವೇ ಸುಳಿಯದ ದೇಶದಲ್ಲಿ ಅದು ನಮ್ಮ ಮೊದಲ ಚಿಂತೆಯಾಗಬಾರದು.

ನಮ್ಮ ಹಿರಿಯರಿಗೆ ಇದೆಲ್ಲ ಇರಲಿಲ್ಲ ಎನ್ನುವವರಿಗೆ ನಿಮ್ಹಾನ್ಸ್‌ನಲ್ಲಿ ನಡೆದ ಅಧ್ಯಯನವೊಂದನ್ನು ನೆನಪಿಸಬೇಕು. ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅದರಲ್ಲಿ, ಖಿನ್ನತೆಯಿದ್ದ ಹೊರರೋಗಿಗಳನ್ನು ಅವರ ಲಕ್ಷಣಗಳ ಬಗ್ಗೆಯೂ ನಾಚಿಕೆ, ಅವಮಾನಗಳ ಬಗ್ಗೆಯೂ ಕೇಳಲಾಗಿತ್ತು. ಮೈಕೈ ನೋವು, ತಲೆನೋವು ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ, ಅವು ಎಲ್ಲರಿಗೂ ಬರುವಂಥವು. ಮನಸ್ಸಿನ ಕುಗ್ಗುವಿಕೆ ಗೊತ್ತಾದರೆ ಮಾತ್ರ ಮದುವೆ ಸಂಬಂಧ ತಪ್ಪುತ್ತದೆ, ನಾಲ್ಕು ಜನರಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಭಯ. ಮನಸ್ಸಿನ ಕಷ್ಟವನ್ನು ಹೇಳಿಕೊಂಡಷ್ಟೂ ಅವಮಾನದ ಭಾವ ಹೆಚ್ಚು, ಮೈಯ ಕಷ್ಟವನ್ನು ಹೇಳಿಕೊಂಡಷ್ಟೂ ಕಡಿಮೆ. ವರ್ಷಗಟ್ಟಲೆ ಸುಸ್ತು, ಎದೆ ಭಾರ, ಉರಿ, ನಿದ್ದೆಯಿಲ್ಲ ಎನ್ನುತ್ತ ಸೂಜಿ, ಟಾನಿಕ್ಕು, ಸ್ಕ್ಯಾನಿಂಗಿಗೆ ದುಡ್ಡು ಸುರಿದ ಎಷ್ಟೋ ತಾಯಂದಿರಲ್ಲಿ ಇದ್ದದ್ದು ಖಿನ್ನತೆಯೇ ಇರಬೇಕು. ಹಿರಿಯರಿಗೆ ಅದು ಇರಲಿಲ್ಲವೆಂದಲ್ಲ, ಹೇಳಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ.

ಮಾತ್ರೆಗಳ ಬಗ್ಗೆ ಅತಿ ಭರವಸೆಯೂ ಅತಿ ಭಯವೂ ಎರಡೂ ತಪ್ಪು. ಆಕ್ಸ್‌ಫರ್ಡಿನ ಆಂಡ್ರಿಯಾ ಚಿಪ್ರಿಯಾನಿ ಮತ್ತಿತರರು 2018ರಲ್ಲಿ 522 ಪ್ರಯೋಗಗಳನ್ನು, ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ 21 ಔಷಧಗಳೂ ಹುಸಿಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತಿದ್ದುದು ಕಂಡಿತು. ಆದರೆ ವ್ಯತ್ಯಾಸ ಸರಾಸರಿಯಲ್ಲಿ ಸಾಧಾರಣವಾದದ್ದು. ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದ್ದೇ ಖಿನ್ನತೆ ಎಂಬ ಸರಳ ವಿವರಣೆಗೆ ಸಾಕಷ್ಟು ಆಧಾರವಿಲ್ಲ ಎಂಬುದನ್ನೂ ಒಪ್ಪಬೇಕು. ಸೌಮ್ಯ ಖಿನ್ನತೆಗೆ ಸಮಾಲೋಚನೆ, ವ್ಯಾಯಾಮ, ದಿನಚರಿ ಸಾಕಾಗಬಹುದು. ತೀವ್ರವಾದಷ್ಟೂ ಮಾತ್ರೆಯ ಅಗತ್ಯ ಹೆಚ್ಚು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಇದು ಗೊತ್ತಿಲ್ಲದೆ ಹತ್ತು ದಿನ ನುಂಗಿ ಬಿಟ್ಟವರು ಬಹಳ. ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವ ಹಾಗಿಲ್ಲ ಎಂಬುದು ಸುಳ್ಳು. ಮೊದಲ ಸಲದ ಖಿನ್ನತೆಯಲ್ಲಿ ಸಾಮಾನ್ಯವಾಗಿ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗಬಹುದು. ಚಟ ಹಿಡಿಸುವ ಗುಣವಿರುವುದು ಆಲ್ಪ್ರಜೋಲಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳಿಗೆ. ಅವನ್ನು ಔಷಧ ಅಂಗಡಿಯಿಂದ ತಾವಾಗಿ ತಂದು ನುಂಗುವವರು ಖಿನ್ನತೆಯ ಮಾತ್ರೆಗೆ ಹೆದರುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಮಿತಿಮೀರಿದ ಮಾತು, ಕೈಬಿಚ್ಚಿ ಖರ್ಚು ಇದ್ದ ದಿನಗಳು ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು. ಅದು ಬೈಪೋಲಾರ್ ಕಾಯಿಲೆಯ ಗುರುತಾಗಿರಬಹುದು, ಅದರ ಚಿಕಿತ್ಸೆ ಬೇರೆ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಕರ್ನಾಟಕದವರಿಗೆ ಉತ್ತರ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡುವ ಪ್ರಯೋಗ 1980ರ ದಶಕದಲ್ಲಿ ನಿಮ್ಹಾನ್ಸ್ ನೆರವಿನಿಂದ ನಡೆದದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ; ಬಾರದೆ ಹೋದರೆ ಯಾಕೆ ಬರಲಿಲ್ಲ ಎಂದೂ ಕೇಳಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಕರೆದೊಯ್ದರೆ ಕೇಸಾಗುತ್ತದೆಂದು ಹೆದರುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲಿಡುತ್ತದೆ.

ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಎರಡು ವಾರದಿಂದ ನಿಮ್ಮವರೊಬ್ಬರು ಮೊದಲಿನಂತಿಲ್ಲ ಅನ್ನಿಸಿದರೆ ಏನು ಕಮ್ಮಿಯಾಗಿದೆ ಎಂದು ಕೇಳಬೇಡಿ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ಕೇಳಿ. ಬದುಕುವುದೇ ಬೇಡವೆನಿಸುತ್ತಿದೆಯೇ ಎಂದೂ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹೌದೆಂದರೆ ಒಬ್ಬರನ್ನೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಹೋಗಲಾಗದ ಹೊತ್ತಿನಲ್ಲಿ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.